ಎರಡು ಇಟ್ಟಿಗೆ

ಕೌಲ್ ಬಜಾರಿನಲ್ಲಿ ನಮ್ಮದು ಖಾರ ಕುಟ್ಟುವ ಗಿರಣಿ.
ಮಾರ್ಚಿ ಬಂತೆಂದರೆ ಇಡೀ ಓಣಿ ಸೀನುತ್ತದೆ.
ನನ್ನ ಅಂಗಿ, ನನ್ನ ರೆಪ್ಪೆ, ನಾನು ಎಣಿಸುವ ನೋಟು
ಎಲ್ಲಕ್ಕೂ ಒಂದೇ ಕೆಂಪು.
ಮನೆಗೆ ಹೋದವನು ಮೊದಲು ಬಚ್ಚಲಿಗೆ,
ಆಮೇಲೆ ಮಗನ ಹತ್ತಿರ.
ಇದು ಈಗಿನ ನೇಮ. ಮೊದಲು ಇರಲಿಲ್ಲ.

ಪಂಪಣ್ಣನಿಗೆ ಏಳು ವರ್ಷ. ಮಾತಿಲ್ಲ.
ರಾತ್ರಿ ಎರಡಕ್ಕೆ ಏಳುತ್ತಿದ್ದ,
ಬೆನ್ನು ಬಿಲ್ಲಿನ ಹಾಗೆ ಬಾಗಿಸಿ,
ಕೊರಳಿಗೆ ಮುಷ್ಟಿ ಒತ್ತಿ,
ಗೋಡೆಗೆ ಹಣೆ.
ಹಠ ಅಂದರು. ಗಾಳಿ ಅಂದರು.
'ಆಟಿಸಂ ಇದ್ದ ಹುಡುಗ್ರು ಹಂಗ ಬಿಡ್ರಿ' ಅಂದ ಒಬ್ಬ ಓದಿದವನು.
ಅದನ್ನೇ ನಾವೂ ನಂಬಿದೆವು, ಎರಡು ವರ್ಷ.
ಎರಡು ವರ್ಷವೆಂದರೆ ಏಳುನೂರು ರಾತ್ರಿ.

ಹುಲಿಗೆಮ್ಮ ಒಂದು ಮುಂಜಾನೆ ಅವನ ದಿಂಬು ಮೂಸಿದಳು.
'ಹುಳಿ ನಾತ. ಮಜ್ಜಿಗಿ ಕುಡಿದಿಲ್ಲ, ಎಲ್ಲಿಂದ ಬಂತು?'
ಆ ಪ್ರಶ್ನೆಯನ್ನೇ ಹಿಡಿದುಕೊಂಡು ಆಸ್ಪತ್ರೆಗೆ ಹೋದೆವು.
ಡಾಕ್ಟರಮ್ಮ ಟಾರ್ಚು ಬಿಟ್ಟು ದವಡೆ ಹಲ್ಲು ನೋಡಿದರು,
ಒಳಮಗ್ಗುಲು ಹೊಳೆಗಲ್ಲಿನಂತೆ ಸವೆದಿತ್ತು.
'ಹೊಟ್ಟೆಯ ಹುಳಿ ಮೇಲಕ್ಕೆ ಬರುತ್ತಿದೆ.
ಉರೀತದೆ ಅನ್ನೋಕೆ ಮಾತಿಲ್ಲವಲ್ಲ,
ಹಣೆಯಿಂದ ಹೇಳ್ತಿದ್ದಾನೆ.'

ಉರಿ.
ಇಪ್ಪತ್ತು ವರ್ಷ ಅದನ್ನೇ ಕೇಜಿ ಲೆಕ್ಕದಲ್ಲಿ ತೂಗಿದವನು ನಾನು.

ಅವನು ತಿನ್ನುತ್ತಿದ್ದದ್ದೇ ನಾಲ್ಕು:
ಮಂಡಾಳು, ಅದೂ ಗರಿಗರಿ ಇದ್ದರೆ;
ಟೊಮೆಟೊ ಸಾರಿನ ಅನ್ನ, ಕೆಂಪಗಿದ್ದರೆ;
ಹಳದಿ ಪ್ಯಾಕಿನ ಬಿಸ್ಕತ್ತು, ಮುರಿಯದಿದ್ದರೆ;
ಮಲಗುವ ಮುಂದ ಅರ್ಧ ಲೋಟ ಚಹಾ, ನಮ್ಮವ್ವ ಕಲಿಸಿದ್ದು.
ಇದರಲ್ಲಿ ಯಾವುದನ್ನು ಕಸಿಯಲಿ?

ಚಹಾ ಹೋಯಿತು. ಮೂರು ದಿನ ಲೋಟ ಹಾರಿದವು,
ನಮ್ಮವ್ವ ನನ್ನ ಜೊತೆ ಮಾತು ಬಿಟ್ಟಳು.
ಟೊಮೆಟೊ ಬಿಡಿಸುವುದು ಆಗಲೇ ಇಲ್ಲ.
ಕೊನೆಗೆ ಹುಲಿಗೆಮ್ಮ ಬೀಟ್‌ರೂಟು ಬೇಯಿಸಿ
ಆ ನೀರಲ್ಲಿ ಹೆಸರುಬೇಳೆ ಕಲಸಿ ತಟ್ಟೆಗೆ ಹಾಕಿದಳು.
ಅವನು ತಟ್ಟೆ ತಿರುಗಿಸಿದ. ಮತ್ತೆ ತಿರುಗಿಸಿದ.
ಒಂದು ಬೆರಳು ಅದ್ದಿ ನೆಕ್ಕಿದ. ಉಂಡ.
ಉರಿಯದ ಕೆಂಪೂ ಇರುತ್ತದೆಂದು
ಆವತ್ತು ಗೊತ್ತಾಯಿತು ನನಗೆ, ಖಾರದ ಗಿರಣಿಯವನಿಗೆ.

ಸಿರುಗುಪ್ಪದಿಂದ ಭಾಮೈದ ಒಂದು ಚೀಲ ತಂದ.
ಮೀನೆಣ್ಣೆ ಗುಳಿಗೆ, ಸತುವಿನ ಗುಳಿಗೆ, ಹಸಿರು ಪುಡಿ, ಬಿಳಿ ಪುಡಿ,
'ಇದೊಂದು ಡಬ್ಬಿಗೆ ಮಾತು ಬರ್ತೈತಂತ ಮಾವ,
ಫೋನ್‌ನಾಗ ನೋಡೀನಿ, ನಾಕು ಸಾವಿರ.'
ಡಾಕ್ಟರಮ್ಮ ರಕ್ತ ತೆಗೆಸಿ, ಚೀಲ ಸುರುವಿ,
ಡಿ ವಿಟಮಿನ್ನಿನ ಹನಿ ಮಾತ್ರ ಈಚೆಗೆ ಇಟ್ಟರು.
'ಒಂದೊಂದೇ ಕೊಡಿ, ಬರೆದಿಡಿ.
ಉರಿ ತಣಿಸೋಣ. ಹುಡುಗ ಅವನೇ ಇರಲಿ.'
ನಾಕು ಸಾವಿರದ ಡಬ್ಬಿ
ಈಗ ಗಿರಣಿಯಲ್ಲಿ ಮೊಳೆ ಹಾಕಲು.

ಲೆಕ್ಕದ ಪುಸ್ತಕದ ಮುಂದಿನಿಂದ ಮೆಣಸಿನಕಾಯಿ,
ಹಿಂದಿನಿಂದ ಪಂಪಣ್ಣ.
'ಸಂಜೆ ಆರೂವರೆ: ಅನ್ನ, ಬಾಳೆಹಣ್ಣು ಎರಡು ಚೂರು. ಎದ್ದದ್ದು ಒಂದು ಸಲ.'
'ಏಳು: ರೊಟ್ಟಿ ಎಸೆದ. ನಿದ್ದೆ.'
'ರಾಜಾಸಾಬ ಪ್ರೀತಿಯಿಂದ ಮಿರ್ಚಿ ಕೊಟ್ಟ. ರಾತ್ರಿಯಿಡೀ.'
ರಾತ್ರಿಯಿಡೀ ಏನು, ಅದನ್ನು ಬರೆದಿಲ್ಲ.

ಮಂಚದ ತಲೆಗಾಲಿಗೆ ಎರಡು ಇಟ್ಟಿಗೆ ಇಟ್ಟಿದ್ದೇನೆ,
ಪಕ್ಕದವರ ಅರೆಗಟ್ಟಿದ ಗೋಡೆಯಿಂದ, ಕೇಳಿಯೇ ತಂದದ್ದು.
ಇಳಿಜಾರಿನಲ್ಲಿ ಮಲಗಿ ಬೆಳಗಿನೊಳಗೆ ಕಾಲ್ದೆಸೆಗೆ ಜಾರಿರುತ್ತಾನೆ,
ಸದ್ದಾಗದಂತೆ ಮೇಲಕ್ಕೆ ಎಳೆದುಕೊಳ್ಳುತ್ತೇವೆ.

ನಿನ್ನೆ ರಾತ್ರಿ ಎರಡಕ್ಕೆ ಇಬ್ಬರಿಗೂ ಎಚ್ಚರವಾಯಿತು,
ಬರೀ ರೂಢಿಯಿಂದ.
ಫ್ಯಾನು ತಿರುಗುತ್ತಿತ್ತು. ಅವನು ಮಲಗಿದ್ದ, ಮುಷ್ಟಿ ಬಿಚ್ಚಿ.
ಹುಲಿಗೆಮ್ಮ ಬಗ್ಗಿ ದಿಂಬು ಮೂಸಿದಳು.
'ಏನೈತಿ?' ಅಂದೆ.
'ಕೊಬ್ಬರಿ ಎಣ್ಣಿ.'
ಪುಸ್ತಕ ತೆಗೆದೆ. ಏನು ಬರೆಯಬೇಕೋ ತಿಳಿಯದೆ
ತಾರೀಖು ಹಾಕಿ ಮುಚ್ಚಿಟ್ಟೆ.